ನೇರಳೆ ಟೊಮೆಟೊ ಮತ್ತು ಎರಡು ಕೀಲಿಕೈ

ಟೊಮೆಟೊ ಅಂದರೆ ಕಾಯಿದ್ದಾಗ ಹಸಿರು, ದೋರೆಯಾದಾಗ ಕಿತ್ತಳೆ, ಹಣ್ಣಾದಾಗ ಕೆಂಪು. ಚಿತ್ರದ ಪುಸ್ತಕದಲ್ಲಿ ಇದಕ್ಕೆ ನೇರಳೆ ಬಣ್ಣ ಬಳಿದರೆ ಮೇಷ್ಟ್ರು ನಗುತ್ತಾರೆ. ಆದರೆ ಮಕ್ಕಳೇ, ಇಂಗ್ಲೆಂಡಿನ ನಾರಿಚ್ ಎಂಬ ಊರಿನಲ್ಲಿ ಜಾನ್ ಇನ್ನೆಸ್ ಸೆಂಟರ್ ಅಂತ ಒಂದು ಸಸ್ಯವಿಜ್ಞಾನ ಸಂಸ್ಥೆ ಇದೆ. ಅಲ್ಲಿನ ಕ್ಯಾಥಿ ಮಾರ್ಟಿನ್ ಎಂಬ ವಿಜ್ಞಾನಿ ತಮ್ಮ ಜೊತೆಯವರನ್ನು ಕಟ್ಟಿಕೊಂಡು ಸಿಪ್ಪೆಯಿಂದ ತಿರುಳಿನವರೆಗೂ ನೇರಳೆಹಣ್ಣಿನಂತಿರುವ ಟೊಮೆಟೊ ಬೆಳೆಸಿ, 2008ರಲ್ಲಿ ಜಗತ್ತಿಗೆ ತಿಳಿಸಿದರು. ಮೊಮ್ಮಗಳು ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದಾಗ ನನ್ನಾಕೆ ಕೇಳಿದ ಮೊದಲ ಪ್ರಶ್ನೆ: "ಇದರ ಸಾರು ಯಾವ ಬಣ್ಣಕ್ಕೆ ಬರುತ್ತೆ?"

ಆ ಬಣ್ಣದ ಹೆಸರು ಆಂಥೋಸಯನಿನ್. ಹೆಸರು ಹೊಸದಾದರೂ ವಸ್ತು ನಮಗೆ ಹಳೆಯದೇ. ನೇರಳೆಹಣ್ಣು ತಿಂದು ನಾಲಿಗೆ ಚಾಚಿ ತೋರಿಸುತ್ತೀರಲ್ಲ, ಅದೇ. ಕಪ್ಪು ದ್ರಾಕ್ಷಿ, ಬದನೆಕಾಯಿಯ ಸಿಪ್ಪೆ, ಶಂಖಪುಷ್ಪ ಎಲ್ಲದರಲ್ಲೂ ಇದೆ. ನಾಲ್ಕು ಶಂಖಪುಷ್ಪವನ್ನು ಬಿಸಿನೀರಿನಲ್ಲಿ ಹಾಕಿ (ಬಿಸಿನೀರನ್ನು ದೊಡ್ಡವರ ಕೈಯಲ್ಲೇ ಹಾಕಿಸಿ). ನೀರು ನೀಲಿಯಾಗುತ್ತದೆ. ಅದಕ್ಕೆ ನಿಂಬೆರಸ ಹಿಂಡಿದರೆ ನೇರಳೆಗೂ ಗುಲಾಬಿಗೂ ತಿರುಗುತ್ತದೆ. ಹುಳಿ ಕಂಡರೆ ಇದು ಬಣ್ಣ ಬದಲಿಸುತ್ತದೆ.

ಈ ಬಣ್ಣದ ಮೇಲೆ ವಿಜ್ಞಾನಿಗಳಿಗೆ ಅಷ್ಟು ಪ್ರೀತಿ ಯಾಕೆ? ಇದೊಂದು ಆಂಟಿಆಕ್ಸಿಡೆಂಟ್. ನಾವು ಉಸಿರಾಡುವ ಆಮ್ಲಜನಕ ದೇಹದೊಳಗೆ ಕೆಲಸ ಮಾಡುವಾಗ ಕೆಲವು ಪುಂಡ ಕಣಗಳು ಹುಟ್ಟುತ್ತವೆ. ಅವಕ್ಕೆ ಒಂದು ಎಲೆಕ್ಟ್ರಾನ್ ಕಡಿಮೆ. ಪಕ್ಕದಲ್ಲಿರುವ ಯಾರಿಂದಲಾದರೂ ಕಿತ್ತುಕೊಳ್ಳುತ್ತವೆ. ಕಳೆದುಕೊಂಡವನು ಮತ್ತೊಬ್ಬನಿಂದ ಕೀಳುತ್ತಾನೆ. ಆಂಟಿಆಕ್ಸಿಡೆಂಟ್ ಎನ್ನುವುದು ತನ್ನದೊಂದನ್ನು ತಾನೇ ಕೊಟ್ಟು ಜಗಳ ನಿಲ್ಲಿಸುವ ಹಿರಿಯನಂತೆ. ಕೊಟ್ಟ ಮೇಲೂ ಅದು ಪುಂಡಾಟಕ್ಕೆ ಇಳಿಯುವುದಿಲ್ಲ.

ಈಗ ನನಗೆ ಬಹಳ ಹಿಡಿಸಿದ ಭಾಗ. ಟೊಮೆಟೊ ಗಿಡಕ್ಕೆ ಈ ಬಣ್ಣ ತಯಾರಿಸಲು ಬರುವುದಿಲ್ಲ ಅಂದುಕೊಂಡಿರಾ? ಬರುತ್ತದೆ. ಎಳೆ ಸಸಿಯ ಕಾಂಡ ನೋಡಿ, ಬುಡದಲ್ಲಿ ತುಸು ನೇರಳೆ ಛಾಯೆ ಕಾಣುತ್ತದೆ. ಸಾಮಾನು ಎಲ್ಲ ಇದೆ, ಹಣ್ಣಿನೊಳಗೆ ಮಾತ್ರ ಕೋಣೆಗೆ ಬೀಗ. ನಮ್ಮ ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಕೀಲಿಕೈ ಇರುತ್ತಿದ್ದವು. ಒಂದು ಮ್ಯಾನೇಜರರ ಹತ್ತಿರ, ಇನ್ನೊಂದು ಹೆಡ್ ಕ್ಯಾಷಿಯರ್ ಹತ್ತಿರ. ಎರಡೂ ಸೇರಿದರೇ ಬಾಗಿಲು. ಟೊಮೆಟೊ ಹಣ್ಣಿನ ಕಥೆಯೂ ಹಾಗೇ. ಬೇಕಾದ ಎರಡು ಕೀಲಿಕೈಗಳನ್ನು ಕ್ಯಾಥಿ ಮಾರ್ಟಿನ್ ತಂಡ ಸ್ನ್ಯಾಪ್‌ಡ್ರ್ಯಾಗನ್ ಹೂವಿನ ಗಿಡದಿಂದ ತಂದಿತು. ಕೆನ್ನೆ ಒತ್ತಿದರೆ ಬಾಯಿ ತೆರೆಯುವ ಹೂವಿದೆಯಲ್ಲ, ಅದು. ಆ ಎರಡು ಜೀನುಗಳಿಗೆ ಡೆಲೈಲಾ ಮತ್ತು ರೋಸಿಯಾ-1 ಎಂದು ಹೆಸರು. ಅವು ತಾವೇ ಬಣ್ಣ ಮಾಡುವುದಿಲ್ಲ, ಬಣ್ಣ ಮಾಡುವ ಜೀನುಗಳನ್ನು ಕೆಲಸಕ್ಕೆ ಎಬ್ಬಿಸುತ್ತವೆ. ಎಲೆಯಲ್ಲಿ, ಬೇರಿನಲ್ಲಿ ಸುಮ್ಮನೆ ಖರ್ಚಾಗಬಾರದೆಂದು ಹಣ್ಣು ಮಾಗುವ ಹೊತ್ತಿಗೆ ಮಾತ್ರ ಈ ಕೀಲಿಕೈಗಳು ತಿರುಗುವಂತೆ ವ್ಯವಸ್ಥೆ ಮಾಡಿದರು. ಜೀನುಗಳನ್ನು ಗಿಡದೊಳಗೆ ಸಾಗಿಸುವ ಟಪಾಲಿನವನ ಕೆಲಸಕ್ಕೆ ಆಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಸೂಕ್ಷ್ಮಾಣು. ಗಿಡಗಳಿಗೆ ತನ್ನ ಜೀನು ತೂರಿಸಿ ಗಂಟು ಎಬ್ಬಿಸುವುದು ಅದರ ಹುಟ್ಟುಗುಣ. ಗಂಟಿನ ಜೀನು ತೆಗೆದು ನಮಗೆ ಬೇಕಾದ್ದನ್ನು ಇಟ್ಟು ಕಳಿಸಿದರೆ ಅದನ್ನೂ ತಲುಪಿಸುತ್ತದೆ.

ಕೊನೆಗೆ ಬಂದ ಹಣ್ಣಿನಲ್ಲಿ ಬ್ಲೂಬೆರಿ, ಬ್ಲ್ಯಾಕ್‌ಬೆರಿಗಳಿಗೆ ಸಾಟಿಯಾಗುವಷ್ಟು ಆಂಥೋಸಯನಿನ್ ಇತ್ತು. ಅದರ ಪುಡಿಯನ್ನು ಇಲಿಗಳ ಆಹಾರದಲ್ಲಿ ಬೆರೆಸಿ ನೋಡಿದರು. ಕ್ಯಾನ್ಸರ್ ಬೇಗ ಬರುವಂಥ ತಳಿಯ ಇಲಿಗಳು ಅವು. ಮಾಮೂಲಿ ಆಹಾರ ತಿಂದವು ಸರಾಸರಿ 142 ದಿನ ಬದುಕಿದರೆ, ನೇರಳೆ ಟೊಮೆಟೊ ತಿಂದವು 182 ದಿನ ಬದುಕಿದವು. ಕೆಂಪು ಟೊಮೆಟೊ ತಿಂದವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಇಲ್ಲಿ ನನ್ನ ವಯಸ್ಸಿನವರಿಗೆ ಸ್ವಲ್ಪ ಹೇಳಬೇಕು. ಬೆಳಗಿನ ವಾಕಿಂಗ್ ಗೆಳೆಯರಲ್ಲಿ ಒಬ್ಬರು 142ನ್ನೂ 182ನ್ನೂ ಕೇಳಿದ ತಕ್ಷಣ ಶೇಕಡಾವಾರು ಲೆಕ್ಕ ಹಾಕಿ, ತಮ್ಮ ಎಪ್ಪತ್ತಾರಕ್ಕೆ ಎಷ್ಟು ವರ್ಷ ಸೇರಿಸಬಹುದು ಅಂತ ನೋಡಿಬಿಟ್ಟರು! ಸ್ವಾಮಿ, ಅದು ಒಂದು ವಿಶೇಷ ತಳಿಯ ಇಲಿಗಳ ಮೇಲೆ ನಡೆದ ಸಣ್ಣ ಪ್ರಯೋಗ. ಮನುಷ್ಯರ ಖಾತೆಗೆ ಅದನ್ನು ಜಮಾ ಮಾಡುವ ಹಾಗಿಲ್ಲ. ಫಿನ್ಲೆಂಡಿನಲ್ಲಿ ನಡೆದ ಇನ್ನೊಂದು ಕಥೆ ಕೇಳಿ. ಅಲ್ಲಿ ಸಿಗರೇಟು ಸೇದುವ 29,133 ಗಂಡಸರನ್ನು ಆರಿಸಿ, ಬೀಟಾ ಕ್ಯಾರೊಟಿನ್ ಎಂಬ ಆಂಟಿಆಕ್ಸಿಡೆಂಟ್ ಮಾತ್ರೆಯಿಂದ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುತ್ತದೆಯೇ ಎಂದು ವರ್ಷಗಟ್ಟಲೆ ನೋಡಿದರು. 1994ರಲ್ಲಿ ಫಲಿತಾಂಶ ಬಂತು. ಮಾತ್ರೆ ತಿಂದವರಲ್ಲಿ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿಯಾಗಿತ್ತು. ಕ್ಯಾರೆಟ್ಟಿನಲ್ಲಿ ಒಳ್ಳೆಯದೆಂದು ಅದರದೊಂದು ಅಂಶವನ್ನು ಬೇರೆ ಮಾಡಿ ದೊಡ್ಡ ಪ್ರಮಾಣದಲ್ಲಿ ನುಂಗಿದರೆ ಅದೇ ಗುಣ ಬರಬೇಕೆಂದಿಲ್ಲ. ಪಿಂಚಣಿ ದುಡ್ಡಿನಲ್ಲಿ ತಿಂಗಳು ತಿಂಗಳು ಆಂಟಿಆಕ್ಸಿಡೆಂಟ್ ಡಬ್ಬಿ ತರಿಸುವವರು ಒಮ್ಮೆ ಡಾಕ್ಟರನ್ನು ಕೇಳಿ ಮುಂದುವರಿಯುವುದು ವಾಸಿ. ಟೊಮೆಟೊ ಪುಡಿಯಾಗಲಿ ಮಾತ್ರೆಯಾಗಲಿ ಅಲ್ಲ, ಇಡೀ ಹಣ್ಣು. ಆ ದಾರಿ ನನಗೂ ಒಪ್ಪಿಗೆ. ಆಯುಷ್ಯದ ಭರವಸೆ ಮಾತ್ರ ಯಾರೂ ಕೊಡಬಾರದು.

ನನ್ನ ಕಣ್ಣಿಗೆ ಈ ಹಣ್ಣಿನ ದೊಡ್ಡ ಗುಣ ಬೇರೆಯೇ. 2013ರಲ್ಲಿ ಅದೇ ಸಂಸ್ಥೆಯವರು ಕಂಡುಕೊಂಡಂತೆ, ನೇರಳೆ ಟೊಮೆಟೊ ಕೆಂಪಿನದಕ್ಕಿಂತ ಎರಡರಷ್ಟು ದಿನ ಕೆಡದೆ ಉಳಿಯುತ್ತದೆ. ಅತಿಯಾಗಿ ಮಾಗಿ ಮೆತ್ತಗಾಗುವುದು ನಿಧಾನ, ಬೂದು ಬಣ್ಣದ ಬೂಷ್ಟು ಹಿಡಿಯುವುದೂ ಕಡಿಮೆ. ಒಂದೇ ಹಣ್ಣಿನಲ್ಲಿ ಅರ್ಧ ನೇರಳೆ, ಅರ್ಧ ಕೆಂಪು ಬರುವಂತೆ ಮಾಡಿ ಬೂಷ್ಟು ಅಂಟಿಸಿ ನೋಡಿದಾಗ ಕೆಂಪು ಭಾಗ ಕೊಳೆಯಿತು, ನೇರಳೆ ಭಾಗ ತಡೆದು ನಿಂತಿತು. ಬೂಷ್ಟು ಹರಡುವುದಕ್ಕೂ ಆ ಪುಂಡ ಕಣಗಳ ಸಹಾಯವೇ ಬೇಕು. ಆಂಥೋಸಯನಿನ್ ಅವನ್ನು ಅಲ್ಲಲ್ಲೇ ತಣಿಸುತ್ತದೆ. ಬೆಲೆ ಬಿದ್ದಾಗ ಕೋಲಾರದ ಕಡೆ ರಸ್ತೆ ಪಕ್ಕ ಟೊಮೆಟೊ ಸುರಿದು ಹೋಗುವ ರೈತರನ್ನು ನೆನೆಸಿಕೊಳ್ಳಿ. ಒಂದು ವಾರ ಹೆಚ್ಚು ಕಾಯುವ ಹಣ್ಣು ಎಂದರೆ ಅವರಿಗೆ ಚಿಕ್ಕ ಮಾತಲ್ಲ.

ಅಮೆರಿಕದ ಕೃಷಿ ಇಲಾಖೆ 2022ರಲ್ಲಿ ಈ ಗಿಡವನ್ನು ಪರಿಶೀಲಿಸಿ, ಬೇರೆ ಟೊಮೆಟೊಗಿಂತ ಇದರಿಂದ ಪೈರುಗಳಿಗೆ ಹೆಚ್ಚಿನ ಅಪಾಯವಿಲ್ಲ ಎಂದಿತು. 2024ರ ಆರಂಭದಲ್ಲಿ ಅಲ್ಲಿ ಮನೆ ಕೈತೋಟದವರಿಗೆ ಬೀಜ ಮಾರಾಟಕ್ಕೆ ಬಂತು. ಹತ್ತು ಬೀಜಕ್ಕೆ 20 ಡಾಲರ್. ಗುಮಾಸ್ತನ ಚಟ, ಲೆಕ್ಕ ಹಾಕಿದೆ: ಅಂದಿನ ದರದಲ್ಲಿ ಬೀಜವೊಂದಕ್ಕೆ 160 ರೂಪಾಯಿಗೂ ಮೇಲೆ. ಅಷ್ಟು ದುಡ್ಡಿಗೆ ನಮ್ಮ ಬೀಜದಂಗಡಿಯಲ್ಲಿ ಒಂದು ಪೊಟ್ಟಣವೇ ಬರುತ್ತದೆ.

ನಮ್ಮಲ್ಲಿ ಯಾವಾಗ ಎಂದು ಮೊಮ್ಮಗಳು ಕೇಳಿದಳು. ಹೀಗೆ ಜೀನು ಬದಲಿಸಿದ ಬೆಳೆಗಳಲ್ಲಿ ನಮ್ಮ ರೈತರು ಬೆಳೆಯಲು ಅನುಮತಿ ಪಡೆದು ನೆಲೆಯೂರಿದ್ದು ಹತ್ತಿ, 2002ರಿಂದ. ಆಮೇಲೆ ಬಿಟಿ ಬದನೆಯ ಸರದಿ ಬಂತು. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಆ ಕೆಲಸದಲ್ಲಿತ್ತು. ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಬೆಂಗಳೂರು ಸೇರಿ ಏಳು ಊರುಗಳಲ್ಲಿ ಜನರ ಅಹವಾಲು ಕೇಳಿ, 2010ರ ಫೆಬ್ರವರಿಯಲ್ಲಿ ತಡೆ ಹಾಕಿದರು. ತಟ್ಟೆಗೆ ಬರುವ ತರಕಾರಿಯ ವಿಷಯದಲ್ಲಿ ನಿಧಾನಿಸಿದ್ದು ತಪ್ಪೆಂದು ನಾನು ಹೇಳಲಾರೆ. ಬೀಜ ಯಾರ ಕೈಯಲ್ಲಿ, ನಮ್ಮ ನಾಟಿ ತಳಿಗಳ ಗತಿಯೇನು ಎಂಬ ಪ್ರಶ್ನೆಗಳು ಸಣ್ಣವಲ್ಲ. ಆದರೆ ಪರೀಕ್ಷೆಯನ್ನೇ ಮಾಡಬೇಡಿ ಎಂದು ಕೂಗುವವರ ಜೊತೆ ನಿಲ್ಲಲೂ ನನಗೆ ಮನಸ್ಸಿಲ್ಲ.

ಅಮೆರಿಕದಲ್ಲಿ ಮಗನೋ ಮಗಳೋ ಇರುವ ಅಜ್ಜ-ಅಜ್ಜಿಯರಿಗೆ ಒಂದು ಮಾತು. ಸೂಟ್‌ಕೇಸಿನಲ್ಲಿ ಈ ಬೀಜ ತರಿಸಿಕೊಳ್ಳಬೇಡಿ. ಸರ್ಕಾರದ ಅನುಮತಿಯಿಲ್ಲದೆ ಇಂಥ ಬೀಜ ತರುವುದು ಕಾನೂನಿಗೆ ವಿರುದ್ಧ. ನೀವೇ ಅಲ್ಲಿಗೆ ಹೋದಾಗ ಅವರ ಹಿತ್ತಲಿನಲ್ಲಿ ಇದು ಬಿಟ್ಟಿದ್ದರೆ ನಾಲ್ಕು ಹಣ್ಣು ಕಿತ್ತು, ಹುಣಸೆಹುಳಿ ಹಾಕಿ ಒಂದು ಸಾರು ಮಾಡಿ. ಶಂಖಪುಷ್ಪದ ಲೆಕ್ಕದಲ್ಲಿ ಬಣ್ಣ ಕೆಂಪಿನ ಕಡೆಗೆ ತಿರುಗಬೇಕು ಎಂಬುದು ನನ್ನ ಊಹೆ. ಏನಾಯಿತೆಂದು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ನನ್ನಾಕೆಗೆ ಓದಿ ಹೇಳುತ್ತೇನೆ.