ಕಪ್ಪಗೆ ಮಿರುಗಿದರೆ ಡ್ರೈವ್‌ವೇ ಗಟ್ಟಿಯಾಯಿತೇ?

ಅಮೆರಿಕದ ಮಿಶಿಗನ್‌ನಲ್ಲಿ ಮನೆ ಕೊಂಡಿರುವ ನಮ್ಮ ಗೆಳತಿಯ ಬಾಗಿಲನ್ನು ಕಳೆದ ಬೇಸಿಗೆಯಲ್ಲಿ ಒಬ್ಬಾತ ತಟ್ಟಿದ. ಪಕ್ಕದ ಬೀದಿಯಲ್ಲಿ ಕೆಲಸ ಮುಗಿಸಿದ್ದೇವೆ, ಒಂದಿಷ್ಟು ಮಾಲು ಮಿಕ್ಕಿದೆ, ನಿಮ್ಮ ಡ್ರೈವ್‌ವೇಗೆ ಅರ್ಧ ಬೆಲೆಗೆ ಬಳಿದುಕೊಡುತ್ತೇವೆ, ವರ್ಷಕ್ಕೊಮ್ಮೆ ಬಳಿಸದಿದ್ದರೆ ಚಳಿಗಾಲದಲ್ಲಿ ಒಡೆದುಹೋಗುತ್ತದೆ ಎಂದ. ಇವಳು ಒಪ್ಪಿದಳು. ಸಂಜೆಯ ಹೊತ್ತಿಗೆ ಬೂದು ಬಣ್ಣದ ಡ್ರೈವ್‌ವೇ ಹೊಸ ಸ್ಲೇಟಿನಂತೆ ಕಪ್ಪಾಗಿತ್ತು. ವಾರ ಕಳೆದ ಮೇಲೆ ನೋಡಿದರೆ ಅಂಬೆಗಾಲಿಡುವ ಮಗುವಿನ ಅಂಗೈಯೂ ಕಪ್ಪು. ಗಾಬರಿಯಿಂದ ಫೋನ್ ಮಾಡಿ ಕೇಳಿದಳು: "ಇದು ಬರೀ ಡಾಂಬರು ತಾನೆ? ಏನೂ ಆಗಲ್ಲ ಅಲ್ವಾ?"

ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರಿಸಲು ನಮಗೆ ಆಗಲಿಲ್ಲ. ಮೊದಲು ಬಳಿಯುವುದು ಏಕೆ ಎಂದು ನೋಡೋಣ.

ರಸ್ತೆಯಿಂದ ಗ್ಯಾರೇಜಿನವರೆಗಿನ ಈ ಆಸ್ಫಾಲ್ಟ್ ಹಾಸಿನ ತೂಕದಲ್ಲಿ ಸುಮಾರು 95 ಪಾಲು ಜಲ್ಲಿ ಮತ್ತು ಮರಳು. ಉಳಿದ 5 ಪಾಲು ಅವನ್ನು ಹಿಡಿದಿಡುವ ಬಿಟುಮೆನ್ ಎಂಬ ಅಂಟು. ಬಿಸಿಲು ಮತ್ತು ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಈ ಅಂಟಿನ ಎಣ್ಣೆಯಂಥ ಅಂಶ ಕಡಿಮೆಯಾಗುತ್ತ ಹೋಗುತ್ತದೆ. ಆಗ ಬಣ್ಣ ಬೂದಾಗಿ, ಮೈ ಪೆಡಸಾಗುತ್ತದೆ. ಸೀಲ್‌ಕೋಟ್ ಎಂದರೆ ಇದರ ಮೇಲೆ ಬಳಿಯುವ ತೆಳುವಾದ ಪದರ. ಅದು ಬಿಸಿಲನ್ನು ತಡೆಯುತ್ತದೆ, ಮೇಲಿನಿಂದ ಇಳಿಯುವ ನೀರನ್ನು ಸ್ವಲ್ಪ ತಡೆಯುತ್ತದೆ. ಅಷ್ಟೇ. ಕಾರಿನ ಭಾರ ಹೊರುವ ಶಕ್ತಿಯನ್ನು ಅದು ಕೊಡುವುದಿಲ್ಲ, ಬಿರುಕನ್ನು ಬೆಸೆಯುವುದೂ ಇಲ್ಲ. ಗೋಡೆಗೆ ಸುಣ್ಣ ಹೊಡೆದರೆ ಪಾಯ ಗಟ್ಟಿಯಾಗುತ್ತದೆಯೇ?

ಚಳಿ ನಾಡಿನಲ್ಲಿ ಡ್ರೈವ್‌ವೇಯ ನಿಜವಾದ ಶತ್ರು ನೀರು. ಬಿರುಕಿನಲ್ಲಿ ಇಳಿದ ನೀರು ಹೆಪ್ಪುಗಟ್ಟುವಾಗ ಸುಮಾರು 9 ಪಾಲು ಹಿಗ್ಗಿ ಬಿರುಕಿನ ಅಂಚುಗಳನ್ನು ತಳ್ಳುತ್ತದೆ. ಕರಗಿದಾಗ ಅಗಲವಾದ ಜಾಗಕ್ಕೆ ಇನ್ನಷ್ಟು ನೀರು ಸೇರುತ್ತದೆ. ಹೀಗಾಗಿ ಜನವರಿಯ ಎಡೆಬಿಡದ ಕೊರೆತಕ್ಕಿಂತ, ಹಗಲು ಕರಗಿ ರಾತ್ರಿ ಮತ್ತೆ ಗಟ್ಟಿಯಾಗುವ ಮಾರ್ಚ್ ತಿಂಗಳೇ ಹೆಚ್ಚು ಹಾನಿ ಮಾಡುವುದು. ಹಿಮ ಕರಗಿಸಲು ಎರಚುವ ಉಪ್ಪು ಡಾಂಬರನ್ನು ತಿಂದುಹಾಕುತ್ತದೆ ಎಂಬ ಮಾತೂ ಅಲ್ಲಿ ಚಾಲ್ತಿಯಲ್ಲಿದೆ. ಉಪ್ಪಿಗೆ ಬಿಟುಮೆನ್ ಕರಗುವುದಿಲ್ಲ. ಕರಗಿಸುವುದು ಕಾರಿನಿಂದ ತೊಟ್ಟಿಕ್ಕುವ ಪೆಟ್ರೋಲು ಮತ್ತು ಎಣ್ಣೆ.

ಆದರೆ ಇಡೀ ಹಾಸೇ ಉಬ್ಬಿ ನಿಲ್ಲುವುದಕ್ಕೆ ನೀರಿನ ಹಿಗ್ಗುವಿಕೆ ಮುಖ್ಯ ಕಾರಣವಲ್ಲ. ಇದು ನಮಗೂ ಅಚ್ಚರಿ ತಂದ ಸಂಗತಿ. ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ ಸುಮಾರು 1930ರಲ್ಲಿ ಒಂದು ಜಾಣ ಪ್ರಯೋಗ ಮಾಡಿದರು. ನೀರಿನ ಬದಲು, ಹೆಪ್ಪುಗಟ್ಟಿದಾಗ ಕುಗ್ಗುವ ಬೆಂಜೀನನ್ನು ಮಣ್ಣಿಗೆ ಊಡಿಸಿ ತಣ್ಣಗಾಗಿಸಿದರು. ಮಣ್ಣು ಆಗಲೂ ಉಬ್ಬಿತು! ನೆಲದೊಳಗೆ ಹೆಪ್ಪುಗಟ್ಟುವ ಪದರವು ಕೆಳಗಿನ ದ್ರವವನ್ನು ದೀಪದ ಬತ್ತಿಯಂತೆ ಮೇಲಕ್ಕೆ ಎಳೆದುಕೊಳ್ಳುತ್ತ ದಪ್ಪವಾಗುತ್ತದೆ, ಮೇಲಿನದನ್ನು ಎತ್ತುತ್ತದೆ ಎಂದು ಇದರಿಂದ ತಿಳಿಯಿತು. ನುಣುಪಾದ ಗೋಡುಮಣ್ಣಿನಲ್ಲಿ ಈ ಸೆಳೆತ ಹೆಚ್ಚು. ಮಿಶಿಗನ್‌ನಲ್ಲಿ ಮನೆಯ ಪಾಯವನ್ನು ಮೂರೂವರೆ ಅಡಿ ಆಳಕ್ಕೆ ಇಳಿಸಬೇಕೆಂಬ ನಿಯಮ ಇರುವುದು ಇದೇ ಕಾರಣಕ್ಕೆ. ಮೂರೂವರೆ ಅಡಿ ಕೆಳಗೆ ನಡೆಯುವ ಈ ಆಟದ ಮುಂದೆ ಮೇಲೆ ಬಳಿದ ಕಪ್ಪು ಬಣ್ಣ ಏನು ಮಾಡೀತು?

ಆದ್ದರಿಂದ ಹಣ ಖರ್ಚು ಮಾಡುವುದಾದರೆ ಮೊದಲು ನೀರಿಗೆ ದಾರಿ ಮಾಡಿ. ಮಾಡಿನ ನೀರು ಡ್ರೈವ್‌ವೇ ಅಂಚಿಗೆ ಬೀಳುತ್ತಿದ್ದರೆ ಕೊಳವೆಯನ್ನು ಬೇರೆಡೆಗೆ ತಿರುಗಿಸಿ. ಆಮೇಲೆ ಬಿರುಕುಗಳನ್ನು ಗುಡಿಸಿ, ಒಣಗಿಸಿ, ರಬ್ಬರ್ ಬೆರೆತ ಪೂರಣದಿಂದ ಮುಚ್ಚಿಸಿ. ಸೀಲ್‌ಕೋಟ್ ಮೂರನೆಯ ಮಾತು. ಎರಡರಿಂದ ನಾಲ್ಕು ವರ್ಷಕ್ಕೊಮ್ಮೆ ಬಳಿಸಿದರೆ ಸಾಕು. ವರ್ಷವರ್ಷವೂ ಬಳಿದರೆ ಪದರದ ಮೇಲೆ ಪದರ ಕೂತು ಹಪ್ಪಳದಂತೆ ಏಳುತ್ತದೆ. ಹೊಸ ಆಸ್ಫಾಲ್ಟಿಗಂತೂ ಕನಿಷ್ಠ ಆರು ತಿಂಗಳು ಕೈ ಹಚ್ಚಬಾರದು. ಬಳಿಯುವ ದಿನ ತಾಪಮಾನ 10 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ಒಂದು ದಿನವಾದರೂ ಮಳೆ ಬರಬಾರದು. ಬಾಗಿಲಿಗೆ ಬರುವ "ಮಿಕ್ಕ ಮಾಲಿನವರು" ಇವನ್ನೆಲ್ಲ ಕೇಳುವುದಿಲ್ಲ. ನೀರು ಬೆರೆಸಿ ತೆಳ್ಳಗೆ ಬಳಿದು ಹೊರಟುಬಿಡುವುದು ಅಲ್ಲಿ ಬಹಳ ಹಳೆಯ ಮೋಸ.

ಇನ್ನು ಮಗುವಿನ ಅಂಗೈಯ ವಿಷಯ. ಇಲ್ಲಿ ನಮ್ಮ ಭಾಷೆಯೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಕನ್ನಡದಲ್ಲಿ ಎರಡು ಬೇರೆ ಬೇರೆ ಕಪ್ಪು ವಸ್ತುಗಳಿಗೆ ಡಾಂಬರು ಎಂಬ ಒಂದೇ ಹೆಸರು. ಒಂದು, ತೈಲ ಶುದ್ಧೀಕರಣಾಗಾರದಿಂದ ಬರುವ ಬಿಟುಮೆನ್. ನಮ್ಮ ರಸ್ತೆಗಳಿಗೆ ಈಗ ಹಾಕುವುದು ಇದನ್ನೇ. ಇನ್ನೊಂದು, ಉಕ್ಕಿನ ಉದ್ಯಮಕ್ಕಾಗಿ ಕಲ್ಲಿದ್ದಲನ್ನು ಕೋಕ್ ಮಾಡುವಾಗ ಸಿಗುವ ಕಲ್ಲಿದ್ದಲ ಡಾಂಬರು. ಬಟ್ಟೆಯ ಬೀರುವಿನಲ್ಲಿಡುವ ನುಸಿಗುಳಿಗೆಗೆ ಡಾಂಬರು ಗುಳಿಗೆ ಎನ್ನುತ್ತೇವಲ್ಲ, ಅದರ ನ್ಯಾಫ್ತಲೀನ್ ಮೊದಲು ಸಿಕ್ಕಿದ್ದು ಈ ಎರಡನೆಯದರಿಂದ.

1915ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲ ಡಾಂಬರು ಸವರಿ ಕ್ಯಾನ್ಸರ್ ಬರಿಸಿ ತೋರಿಸಿದರು. ಅದರಲ್ಲಿರುವ ಪಿಎಎಚ್ ಎಂಬ ಉಂಗುರ ರಚನೆಯ ರಾಸಾಯನಿಕಗಳಲ್ಲಿ ಹಲವು ಕ್ಯಾನ್ಸರ್‌ಕಾರಕ ಎಂದು ಮುಂದೆ ಗೊತ್ತಾಯಿತು. ಆದರೂ ಪೆಟ್ರೋಲಿಗೆ ಸುಲಭವಾಗಿ ಜಗ್ಗದ ಇದು, ಅಮೆರಿಕದ ಪೂರ್ವ ಮತ್ತು ಮಧ್ಯ ಭಾಗಗಳಲ್ಲಿ ಸೀಲ್‌ಕೋಟಿಗೆ ದಶಕಗಳ ಕಾಲ ಬಳಕೆಯಾಯಿತು. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ತೊರೆಗಳ ಕೆಸರಿನಲ್ಲಿ ಪಿಎಎಚ್ ವಿಪರೀತ ಇರುವುದನ್ನು ಕಂಡವರು ಜಾಡು ಹಿಡಿದು ಹೋದರೆ ಸಿಕ್ಕಿದ್ದು ಪಾರ್ಕಿಂಗ್ ಜಾಗಗಳ ಸೀಲ್‌ಕೋಟ್. 2006ರಲ್ಲಿ ಆ ನಗರ ಇದನ್ನು ನಿಷೇಧಿಸಿತು. ಆಮೇಲೆ ವಾಷಿಂಗ್ಟನ್, ಮಿನೆಸೋಟ ರಾಜ್ಯಗಳೂ ನಿಷೇಧಿಸಿದವು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಪ್ರಕಾರ ಬಿಟುಮೆನ್ ಸೀಲ್‌ಕೋಟಿಗಿಂತ ಇದರಲ್ಲಿ ಪಿಎಎಚ್ ಸುಮಾರು ಸಾವಿರ ಪಟ್ಟು ಹೆಚ್ಚು. ಇದನ್ನು ಬಳಿದ ಪಾರ್ಕಿಂಗ್ ಜಾಗದ ಪಕ್ಕದ ಮನೆಗಳ ದೂಳಿನಲ್ಲಿ 25 ಪಟ್ಟು. ಈ ಸಮೀಕ್ಷೆಯ ತೀರ್ಮಾನಗಳನ್ನು ಉದ್ಯಮದವರು ಒಪ್ಪಿಲ್ಲ. ನೆಲದಲ್ಲಿ ಹರಿದಾಡಿ ಕೈ ಬಾಯಿಗಿಡುವ ಮಕ್ಕಳ ಹೊಟ್ಟೆಗೆ ದೂಳು ಹೆಚ್ಚು ಹೋಗುವುದರಿಂದ ನಾವಂತೂ ಸಮೀಕ್ಷೆಯ ಮಾತನ್ನೇ ಗಂಭೀರವಾಗಿ ತೆಗೆದುಕೊಳ್ಳುತ್ತೇವೆ.

ಡಬ್ಬಿಯ ಮೇಲೆ "ರಿಫೈನ್ಡ್ ಟಾರ್" ಎಂದಿದ್ದರೆ ಅಥವಾ ಸುರಕ್ಷತಾ ಪತ್ರದಲ್ಲಿ 65996-93-2 ಎಂಬ ಸಂಖ್ಯೆ ಇದ್ದರೆ ಅದು ಕಲ್ಲಿದ್ದಲ ಡಾಂಬರು. ನಮ್ಮ ಗೆಳತಿಯ ಬಳಿ ಡಬ್ಬಿಯೂ ಇರಲಿಲ್ಲ, ಬಳಿದವನ ಫೋನ್ ನಂಬರೂ ಇರಲಿಲ್ಲ. ಬಳಿದದ್ದನ್ನು ಕೆರೆದು ತೆಗೆಯಲು ಹೋದರೆ ದೂಳು ಇನ್ನೂ ಹೆಚ್ಚುತ್ತದೆ, ಬಿಟ್ಟುಬಿಡು ಎಂದೆವು. ಒಣ ಪೊರಕೆ ಬಿಟ್ಟು ಒದ್ದೆ ಬಟ್ಟೆಯಿಂದ ಮನೆ ಒರೆಸುತ್ತಿದ್ದಾಳೆ. ಮಗುವಿಗೆ ಆಡಲು ಹಿತ್ತಿಲ ಹುಲ್ಲು ಇದೆ. ಊರಿನಲ್ಲಿದ್ದಂತೆ ಚಪ್ಪಲಿಗಳು ಈಗ ಬಾಗಿಲ ಹೊರಗೇ ಉಳಿಯುತ್ತಿವೆ. ಮಾರ್ಚ್ ಕಳೆದು ಹಿಮ ಕರಗಿದಾಗ ನೋಡಿದರೆ, ಗ್ಯಾರೇಜಿನ ಮುಂದಿನ ಹಳೆಯ ಬಿರುಕು ಕಪ್ಪು ಪದರವನ್ನು ಸೀಳಿಕೊಂಡು ಅದೇ ಜಾಗದಲ್ಲಿ ಮತ್ತೆ ಬಾಯಿ ತೆರೆದಿತ್ತಂತೆ.