ಪ ಒತ್ತಿದರೆ ಜ ಬಂದಾಗ

ಗಣಕಯಂತ್ರಕ್ಕೆ ಲಿನಕ್ಸ್ ಹಾಕಿ ಮೊದಲ ಸಲ ಚಾಲೂ ಮಾಡಿದಾಗ ಒಂದು ಸ್ವಾಗತದ ಪರದೆ ಬರುತ್ತದೆ. ಗ್ನೋಮ್ ಎಂಬ ಮುಕ್ತ ತಂತ್ರಾಂಶದಲ್ಲಿ ಇದಕ್ಕೆಂದೇ ಪ್ರತ್ಯೇಕ ಭಾಗ ಸೇರಿದ್ದು 2013ರಲ್ಲಿ. ಅದರ ಮೊದಲ ಪ್ರಶ್ನೆ ಭಾಷೆಯದು. ಪಟ್ಟಿಯಲ್ಲಿ ‘ಕನ್ನಡ’ ಎಂಬ ಹೆಸರು ಕನ್ನಡ ಲಿಪಿಯಲ್ಲೇ ಇದೆ. ಇಂಗ್ಲಿಷ್ ಬಾರದವರನ್ನು ‘ಕನ್ನಡ ಬೇಕೆ’ ಎಂದು ಇಂಗ್ಲಿಷಿನಲ್ಲಿ ಕೇಳಿ ಏನು ಪ್ರಯೋಜನ?

ತೊಡಕಿರುವುದು ಕೀಲಿಮಣೆಯ ಪ್ರಶ್ನೆಯಲ್ಲಿ. ಕನ್ನಡಕ್ಕೆ ಮುಖ್ಯವಾಗಿ ಎರಡು ವಿನ್ಯಾಸಗಳು. ಒಂದು, ಭಾರತದ ಹಲವು ಲಿಪಿಗಳಿಗೆ ಸಮಾನವಾದ ಇನ್‌ಸ್ಕ್ರಿಪ್ಟ್. ಇನ್ನೊಂದು, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ. ‘ನುಡಿ’ ಬಲ್ಲವರ ಬೆರಳಿಗೆ ಅಂಟಿರುವುದು ಇದೇ. ಆದರೆ ಬರೀ ‘ಕನ್ನಡ’ ಎಂಬ ಹೆಸರು ಹೊತ್ತಿರುವುದು ಇನ್‌ಸ್ಕ್ರಿಪ್ಟ್!

ಆಲ್ದೂರಿನ ಯಾವುದೋ ಕಾಫಿ ತೋಟದ ರೈಟರು ಸಹಜವಾಗಿ ಅದನ್ನೇ ಆರಿಸಿದರೆನ್ನಿ. ಚೆಕ್‌ರೋಲಿನಲ್ಲಿ ‘ಪದ್ಮ’ ಎಂದು ಬರೆಯಲು ಪಿ ಕೀಲಿ ಒತ್ತಿದರೆ ಮೂಡುವುದು ಜ. ಪ ಅಡಗಿರುವುದು ಎಚ್ ಕೀಲಿಯಲ್ಲಿ. ಹೊರಗೆ ಬಟವಾಡೆಗೆ ಆಳುಗಳು ಕಾದಿದ್ದಾರೆ. ಯಂತ್ರವೇ ಕೆಟ್ಟಿತೆಂದು ರೈಟರು ಮತ್ತೆ ಹಳೆಯ ಪುಸ್ತಕ ತೆರೆಯುತ್ತಾರೆ. ಲಿನಕ್ಸಿನ ಕಥೆ ಅಲ್ಲಿಗೆ ಮುಗಿಯಿತು.

ಗ್ನೋಮ್ ಕೀಲಿಮಣೆಯ ಚಿತ್ರ ತೋರಿಸುತ್ತದೆ, ನಿಜ. ಆದರೆ ಚಿತ್ರ ನೋಡಿ ಟೈಪ್ ಮಾಡುವವರು ಯಾರು? ಪಕ್ಕದಲ್ಲಿ ‘ನಿಮ್ಮ ಹೆಸರು ಬರೆದು ನೋಡಿ’ ಎಂಬ ಖಾಲಿ ಚೌಕವಿದ್ದರೆ ಅರೆ ನಿಮಿಷದಲ್ಲಿ ತಪ್ಪು ಗೊತ್ತಾಗುತ್ತದೆ. ವೈಫೈ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲು ಮಾತ್ರ ಅವಕಾಶವಿದೆ. ಆಷಾಢದ ಮಳೆಯಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಮಲೆನಾಡಿಗೆ ಅದು ಸಣ್ಣ ಉಪಕಾರವಲ್ಲ.

ತಂತ್ರಾಂಶ ಮುಕ್ತವಾದ್ದರಿಂದ ಈ ಚೌಕ ಸೇರಿಸಿ ಎಂದೋ, ಹೆಸರನ್ನು ‘ಕನ್ನಡ (ಇನ್‌ಸ್ಕ್ರಿಪ್ಟ್)’ ಎಂದು ತಿದ್ದಿ ಎಂದೋ ಯಾರು ಬೇಕಾದರೂ ಸಲಹೆ ಕಳಿಸಬಹುದು. ತಿದ್ದುಪಡಿಯನ್ನೇ ಬರೆದು ಕಳಿಸುವುದಕ್ಕೂ ಅಡ್ಡಿಯಿಲ್ಲ.