ಏಮ್ ಅಂದರೆ ಮೊದಲು ಅಂದಾಜು

ಇಂಗ್ಲಿಷ್ ಕಲಿಯುವ ಯಾವ ಮಗುವೂ ತಪ್ಪಿಸಿಕೊಳ್ಳಲಾಗದ ಪ್ರಬಂಧ ಒಂದಿದೆ: ‘ಮೈ ಏಮ್ ಇನ್ ಲೈಫ್’. ಅಜ್ಜ-ಅಜ್ಜಿಯರೇ, ನಿಮ್ಮಲ್ಲೂ ಕೆಲವರು ಮ್ಯಾಟ್ರಿಕ್‌ನಲ್ಲಿ ಇದನ್ನು ಬರೆದಿರುತ್ತೀರಿ. ಈ ವಾರ ಆ ‘ಏಮ್’ ಪದವನ್ನೇ ಹಿಡಿಯೋಣ. ದಿಲ್ಲಿಯ ಏಮ್ಸ್ ಆಸ್ಪತ್ರೆಗೂ ಇದಕ್ಕೂ ನಂಟಿಲ್ಲ. ಅದು ಸಂಸ್ಥೆಯ ಉದ್ದನೆಯ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದ್ದು. ಡಾಕ್ಟರ್ ಆಗುತ್ತೇನೆ ಎನ್ನುವವರಿಗೆ ಮಾತ್ರ ಎರಡೂ ಒಂದೇ!

ಏಮ್ ಅಂದರೆ ಗುರಿ. ಸಂಪಗಾಂವ, ಬೈಲಹೊಂಗಲ, ಕಿತ್ತೂರು ಕಡೆಯ ನಮಗೆ ಗುರಿ ಎಂದ ಕೂಡಲೇ ನೆನಪಾಗುವವನು ಅಮಟೂರು ಬಾಳಪ್ಪ. ಅಮಟೂರು ಬೈಲಹೊಂಗಲ ತಾಲೂಕಿನದೇ ಊರು. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಉರುಳಿಸಿದ ಗುಂಡು ಬಾಳಪ್ಪನದು ಎಂದು ಇಲ್ಲಿನ ಚಿಕ್ಕ ಮಕ್ಕಳೂ ಹೇಳುತ್ತಾರೆ. ಅಂದಹಾಗೆ, ಈ ಥ್ಯಾಕರೆ ‘ವ್ಯಾನಿಟಿ ಫೇರ್’ ಕಾದಂಬರಿ ಬರೆದ ಥ್ಯಾಕರೆಯ ಚಿಕ್ಕಪ್ಪ.

ಆ ಕಾಲದ ಸಾಮಾನ್ಯ ಬಂದೂಕಿನ ನಳಿಗೆಯ ಒಳಮೈ ನುಣುಪು. ಗುಂಡನ್ನು ತಿರುಗಿಸಿ ನೇರ ಕಳಿಸುವ ಸುತ್ತುಗೆರೆ ಅದರೊಳಗೆ ಇರುತ್ತಿರಲಿಲ್ಲ. ನೂರು ಗಜ ದಾಟಿದರೆ ಗುಂಡು ಎತ್ತ ಹೋಗುತ್ತದೋ ಹೇಳುವಂತಿರಲಿಲ್ಲ. ಹೊಡೆಯುವವನು ದೂರವೆಷ್ಟು, ಗಾಳಿ ಯಾವ ಕಡೆಗಿದೆ, ಎದುರಿನವನು ಎಷ್ಟು ಬೇಗ ಸರಿಯುತ್ತಾನೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಬೇಕಿತ್ತು.

ಏಮ್ ಪದದ ಹುಟ್ಟೂ ಆ ಲೆಕ್ಕದಲ್ಲೇ ಇದೆ. ಲ್ಯಾಟಿನ್ನಿನ ‘ಎಸ್ತಿಮಾರೆ’, ಅಂದರೆ ಬೆಲೆ ಕಟ್ಟು, ಅಂದಾಜು ಮಾಡು ಎಂಬ ಪದ ಫ್ರೆಂಚಿನಲ್ಲಿ ಸವೆದು ಸವೆದು ಇಂಗ್ಲಿಷಿಗೆ ‘ಏಮ್’ ಆಗಿ ಬಂತು. ಅದೇ ಲ್ಯಾಟಿನ್ ಪದ ಸವೆಯದೆ ಬಂದಾಗ ‘ಎಸ್ಟಿಮೇಟ್’ ಆಯಿತು. ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರುವ, ಕೊನೆಗೆ ಎಂದೂ ತಾಳೆಯಾಗದ ಆ ಎಸ್ಟಿಮೇಟೇ! ಷೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯಟ್’ನಲ್ಲೂ ಒಂದು ಕಡೆ ಏಮ್ ಅಂದರೆ ಊಹಿಸು ಎಂದೇ ಅರ್ಥ. ಬಿಲ್ಲು, ಬಂದೂಕಿನ ಮಾತು ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡ ಮೇಲೆ ಊಹೆಯ ಅರ್ಥ ಬಿದ್ದುಹೋಯಿತು.

ಮಕ್ಕಳೇ, ಬಳಸುವಾಗ ಇಷ್ಟು ನೆನಪಿಡಿ. ಕಲ್ಲನ್ನು ಮಾವಿನಕಾಯಿಗೆ ಗುರಿಯಿಟ್ಟರೆ ‘ಏಮ್ ಅಟ್’. ಭಾನುವಾರದೊಳಗೆ ಲೆಕ್ಕ ಮುಗಿಸಬೇಕೆಂದಿದ್ದರೆ ‘ಏಮ್ ಟು’. ಏಮ್ ಇರುವುದು ಮನುಷ್ಯರಿಗೆ, ಇಲ್ಲವೇ ಅವರು ಕಟ್ಟಿದ ಸಂಘಕ್ಕೆ, ಹಾಕಿದ ಯೋಜನೆಗೆ. ಕುರ್ಚಿಗೆ ಏಮ್ ಇರುವುದಿಲ್ಲ, ‘ಪರ್ಪಸ್’ ಇರುತ್ತದೆ.

ನಮ್ಮ ‘ಗುರಿ’ಯಂತೂ ಇನ್ನೂ ಚಾಲಾಕಿ. ‘ಟೀಕೆಗೆ ಗುರಿಯಾದ’ ಅನ್ನುತ್ತೇವಲ್ಲ, ಅಲ್ಲಿ ಗುರಿ ಅಂದರೆ ಪೆಟ್ಟು ತಿನ್ನುವವನು. ಇಂಗ್ಲಿಷಿನಲ್ಲಿ ಆ ಜಾಗಕ್ಕೆ ಏಮ್ ಬರುವುದಿಲ್ಲ, ‘ಟಾರ್ಗೆಟ್’ ಬೇಕು. ಟಾರ್ಗೆಟ್ ಅಂದರೆ ಮೂಲದಲ್ಲಿ ಸಣ್ಣ ಗುರಾಣಿ. ಇನ್ನು ಕಾಸರಗೋಡು, ದಕ್ಷಿಣ ಕನ್ನಡದ ಕಡೆ ‘ಗುರಿಕಾರ’ ಅಂದರೆ ಗುರಿಗಾರನಲ್ಲ, ಸಮುದಾಯದ ಹಿರಿಯ.

ಹೋದ ತಿಂಗಳು ನನ್ನ ಮೊಮ್ಮಗಳು ಈ ಪ್ರಬಂಧವನ್ನು ಗೈಡ್ ನೋಡಿ ಬರೆದು, ನಮ್ಮ ಅಕ್ಕನ ಮುಂದೆ ಗಟ್ಟಿಯಾಗಿ ಓದುತ್ತಿದ್ದಳು. ಡಾಕ್ಟರ್ ಆಗುತ್ತೇನೆ, ಬಡವರ ಸೇವೆ ಮಾಡುತ್ತೇನೆ, ಇತ್ಯಾದಿ. ಅಕ್ಕ ಕೌದಿ ಹೊಲಿಯುತ್ತ, ‘ಏಮ್ ಅಂದ್ರ ಏನವಾ?’ ಎಂದು ಕೇಳಿದಳು. ‘ಮುಂದ ಏನ ಆಗಬೇಕಂತ ಮಾಡೀವಿ, ಅದು.’ ಅಕ್ಕ ಸೂಜಿ ನಿಲ್ಲಿಸಿದಳು. ‘ಹಂಗಾರ ನಂದೂ ಒಂದ ಇತ್ತು. ಸಾಲ್ಯಾಗ ಅಕ್ಕೋರು ಆಗಬೇಕಂತಿದ್ದೆ. ನಾಕನೇತ್ತೆ ಆದಮ್ಯಾಲ ಬಿಡಿಸಿದ್ರು.’ ‘ಯಾಕ ಹೇಳಲಿಲ್ಲ ಮನ್ಯಾಗ?’ ‘ನನ್ನ ಯಾರ ಕೇಳ್ಯಾರ?’

ಎಪ್ಪತ್ತು ವರ್ಷದಿಂದ ಅಕ್ಕನ ಜೊತೆಗಿದ್ದೇನೆ. ಈ ಮಾತು ನನ್ನ ಕಿವಿಗೆ ಬಿದ್ದದ್ದು ಅಂದೇ. ಮೊಮ್ಮಗಳು ಡಾಕ್ಟರ್ ಇದ್ದ ಹಾಳೆಯನ್ನು ಮಡಿಚಿಟ್ಟಳು. ತನಗೆ ಏನೇನು ಹಿಡಿಸುತ್ತದೆ, ಯಾವುದು ಒಲ್ಲೆ, ಯಾವುದು ಇನ್ನೂ ಗೊತ್ತಾಗಿಲ್ಲ ಎಂದು ಅಜ್ಜಿಯ ಪಕ್ಕ ಕುಳಿತು ಪಟ್ಟಿ ಮಾಡತೊಡಗಿದಳು. ಅದಕ್ಕೆ ಅಂಕ ಎಷ್ಟು ಬೀಳುತ್ತದೋ ನೋಡಬೇಕು. ಏಮ್‌ನ ಹಳೆಯ ಅರ್ಥಕ್ಕೆ ಮಾತ್ರ ಅದು ಸರಿಯಾಗಿ ಒಪ್ಪುತ್ತದೆ.

ಮಕ್ಕಳೇ, ನಿಮಗೆ ಈ ವಾರದ ಕೆಲಸ: ಮನೆಯಲ್ಲಿರುವ ಹಿರಿಯರೊಬ್ಬರನ್ನು ನಾಲ್ಕನೇ ತರಗತಿಯಲ್ಲಿದ್ದಾಗ ಅವರ ಏಮ್ ಏನಿತ್ತು ಎಂದು ಕೇಳಿ. ಶಾಲೆಯ ಮೆಟ್ಟಿಲೇ ಹತ್ತದವರಿದ್ದರೆ, ಆ ವಯಸ್ಸಿನಲ್ಲಿ ಏನಾಗಬೇಕೆಂದಿದ್ದರು ಎಂದು ಕೇಳಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಪೋಸ್ಟ್‌ಕಾರ್ಡಿನಲ್ಲಿ ಬರೆದು ಕಳಿಸಿ. ಮುಂದಿನ ವಾರ ‘ಆಬ್ಜೆಕ್ಟ್’.